ಹಳ್ಳದ ದಾರಿಗೆ ಇಪ್ಪತ್ತೆಂಟು ಪತ್ರಗಳು

ಚರ್ಚ್ ಕಾಟೇಜ್, ಎಲ್ಮ್‌ಸ್ಟೋ
6 ಮಾರ್ಚ್ 2017

ಮಾರ್ಜರಿ,

ಇದೇ ಮಾರ್ಚ್ ನಾಲ್ಕನೇ ತಾರೀಖು ಶನಿವಾರ, ಬೆಳಗಿನ ಎಂಟು ಗಂಟೆಗೆ ಮುಂಚೆ, ಹಳ್ಳದ ದಾರಿಯ ಎರಡೂ ತುದಿಯ ಗೇಟುಗಳಿಗೆ ಸರಪಳಿ ಸುತ್ತಿ ಬೀಗ ಜಡಿಯಲಾಗಿದೆ. ಜಡಿಸಿದವರು ನಿನ್ನಿಂದ ಬ್ರೂಕ್ ಎಂಡ್ ಹೊಲಮನೆಯನ್ನು ಕೊಂಡ ಕ್ರಿಸ್ಪಿನ್ ಹೇಲ್. ಯಾರಿಗೂ ಮುನ್ಸೂಚನೆಯಿಲ್ಲ, ಚರ್ಚಿನ ಬಾಗಿಲಲ್ಲಿ ಒಂದು ಚೀಟಿಯಿಲ್ಲ. ‘ಖಾಸಗಿ’ ಎಂದು ಬರೆದ ಹಸಿರು ಹಲಗೆ ಮಾತ್ರ ಇದೆ. ಅಕ್ಷರಗಳು ಚೆನ್ನಾಗಿವೆ ಎಂಬುದನ್ನು ಒಪ್ಪಬೇಕು.

ಎರಡೂವರೆ ವರ್ಷದ ಮೇಲೆ ನನ್ನ ಕೈಬರಹ ಕಂಡು ನೀನು ಲಕೋಟೆಯನ್ನು ಒಡೆಯದೆಯೇ ಇಟ್ಟಿರಬಹುದು. ಒಡೆದಿದ್ದರೆ ದಯವಿಟ್ಟು ಕೊನೆಯವರೆಗೂ ಓದು.

ಆ ದಿನ ಮೊದಲು ಗೇಟಿಗೆ ಹೋದವಳು ಬ್ರಯೊನಿ. ನಿನಗೆ ಅವಳ ಗುರುತಿರಲಿಕ್ಕಿಲ್ಲ. ಹಳೆಯ ಅಂಚೆಮನೆಗೆ ಬಂದ ಹುಡುಗಿ, ಅವಳಿ ಮಕ್ಕಳ ತಾಯಿ. ಜೋಡಿ ತಳ್ಳುಗಾಡಿ ಎಂದರೆ ಒಂದು ಸಣ್ಣ ಕರುವಿನಷ್ಟು ಭಾರ. ಅದನ್ನು ತಳ್ಳಿಕೊಂಡು ಈ ಊರಿನಲ್ಲಿ ಹೋಗಬಹುದಾದ ಕಾಲುದಾರಿ ಅದೊಂದೇ. ಬೆಟ್ಟದ ದಾರಿಯಲ್ಲಿ ಬೇಲಿ ದಾಟುವ ಮರದ ಮೆಟ್ಟಿಲು ಐದಿವೆ. ಕೆಳಗಿನ ಹುಲ್ಲುಗಾವಲಿನಲ್ಲಿ ಡೆಸ್ಮಂಡ್ ಪ್ರಾಥರೊನ ಹೋರಿ ಇದೆ. ಇನ್ನುಳಿದದ್ದು ಲಾರಿ ಓಡುವ ರಸ್ತೆ. ಚರ್ಚಿನ ಹಿಂದಿನ ಗೇಟಿನಿಂದ ನಿಮ್ಮ ಪ್ಲಮ್ ತೋಟ, ಅಲ್ಲಿಂದ ಹಳ್ಳದ ದಡ, ಕಾಡುಬೆಳ್ಳುಳ್ಳಿಯ ವಾಸನೆಯ ಆ ತಂಪು ಜಾಗ, ಗಿರಣಿಯ ಸೇತುವೆ: ಒಂದೂಕಾಲು ಮೈಲಿ. ಎರಡು ವರ್ಷದ ಮಗು ಅಳದೆ ನಡೆಯುವಷ್ಟು, ಎಂಬತ್ತರ ಮುದುಕ ಕೂರದೆ ನಡೆಯುವಷ್ಟು.

ಬ್ರಯೊನಿ ನನ್ನನ್ನು ಕರೆದಳು. ನಾನು ಹೋಗುವ ಹೊತ್ತಿಗೆ ಹೇಲ್ ಗೇಟಿನ ಆಚೆ ನಿಂತಿದ್ದರು. ಹೊಸ ಬೂಟು, ಹಳೆಯದರಂತೆ ಕಾಣುವ ಹೊಸ ಕೋಟು.

“ಏನ್ ಸ್ವಾಮಿ ಇದು?” ಎಂದೆ.

“ದಯವಿಟ್ಟು ತಪ್ಪು ತಿಳ್ಕೋಬೇಡಿ ಮೇಡಂ. ನನ್ ಕುದುರೆಗಳು ಮರಿ ಹಾಕೋ ಸಮಯ. ಹೇಳ್ಬೇಕು ಅಂತಾನೇ ಇದ್ದೆ.”

“ಹೇಳ್ಬೇಕು ಅನ್ನೋದು ಬೀಗಕ್ಕಿಂತ ಮುಂಚೆ ಇರ್ಬೇಕು, ಆಮೇಲಲ್ಲ.”

“ನೋಡಿ, ಯಾರಾದ್ರೂ ಬಂದು ಒಂದ್ ಮಾತು ಕೇಳಿದ್ರೆ ಬಿಡಲ್ಲ ಅಂತೀನಾ? ಭಾನುವಾರ ಭಾನುವಾರ ಬೇಕಾದ್ರೆ...”

“ನಮ್ ದಾರೀಲಿ ನಡಿಯೋಕೆ ನಾವ್ಯಾಕ್ರೀ ನಿಮ್ಮನ್ನ ಕೇಳ್ಬೇಕು?” ಎಂದೆ. ಬ್ರಯೊನಿ ಕಿಸಕ್ಕೆಂದು ನಕ್ಕಳು. ಮಕ್ಕಳೂ ನಕ್ಕವು, ಏಕೆಂದು ತಿಳಿಯದೆ.

ಈ ಊರಿನಿಂದ ಕಿತ್ತುಕೊಂಡದ್ದು ಇದೇ ಮೊದಲಲ್ಲ. 1811ರಲ್ಲಿ ಊರ ಹುಲ್ಲುಗಾವಲಿಗೆ ಬೇಲಿ ಹಾಕಿ ಮೂರು ಮನೆಯವರು ಹಂಚಿಕೊಂಡರು. ಆಮೇಲೆ ಶಾಲೆ ಹೋಯಿತು, ರೈಲು ಹೋಯಿತು, ಬಸ್ಸು ವಾರಕ್ಕೆ ಮೂರು ಸಲಕ್ಕೆ ಇಳಿಯಿತು. ಪ್ರತಿಸಲವೂ ನಾವು ಚಹಾ ಕುಡಿದು ಮನೆಗೆ ಹೋದೆವು. 1953ರಲ್ಲಿ ಕಾಲುದಾರಿಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡಿ ಎಂದು ಸರ್ಕಾರ ಊರೂರಿಗೆ ಹೇಳಿಕಳಿಸಿದಾಗ, ನಮ್ಮ ಊರ ಸಭೆಯ ಗುಮಾಸ್ತ ಬೆಟ್ಟದ ದಾರಿ ಬರೆದ, ಹೋರಿಯ ದಾರಿ ಬರೆದ, ಹಳ್ಳದ ದಾರಿಯನ್ನು ಬಿಟ್ಟ. ಎಲ್ಲರಿಗೂ ಗೊತ್ತಿರುವ ದಾರಿಯನ್ನು ಬರೆಯುವುದೇಕೆ ಎಂದುಕೊಂಡನಂತೆ! ಅವನ ಸೋಮಾರಿತನದ ಫಲ ಈಗ ಆ ತಳ್ಳುಗಾಡಿಯ ಮುಂದೆ ನಿಂತಿದೆ.

ಒಂದು ಉಪಾಯವಿದೆ. ಇಪ್ಪತ್ತು ವರ್ಷ ಜನರು ಬಲಾತ್ಕಾರವಿಲ್ಲದೆ, ಕದ್ದುಮುಚ್ಚಿ ಅಲ್ಲದೆ, ಯಾರ ಅನುಮತಿಯನ್ನೂ ಪಡೆಯದೆ ಒಂದು ದಾರಿಯಲ್ಲಿ ನಡೆದಿದ್ದರೆ ಅದು ಸಾರ್ವಜನಿಕರದ್ದಾಗುತ್ತದೆ. ಕಾನೂನು ಇಷ್ಟು ಸರಳವಾಗಿರುವುದು ಅಪರೂಪ. ನಾನು ಜಿಲ್ಲಾ ಕಚೇರಿಗೆ ಅರ್ಜಿ ಹಾಕುತ್ತಿದ್ದೇನೆ. ನಿನ್ನಿಂದ ಬೇಕಾದದ್ದು ಒಂದು ಹೇಳಿಕೆ: ನಿನ್ನ ಗಂಡ ವಿಲ್ಫ್ ಆ ದಾರಿಯಲ್ಲಿ ಯಾರನ್ನೂ ಎಂದೂ ತಡೆಯಲಿಲ್ಲ ಎಂದು. ನಮೂನೆ ಒಳಗಿದೆ. ಸಹಿ ಹಾಕಿದರೆ ಸಾಕು.

ನಿನ್ನ ಮಂಡಿ ಹೇಗಿದೆ?

ಹೆಸ್ಟರ್ ಪ್ಯಾಲಂಟ್


ಸಮುದ್ರದ ಬೀದಿ, ಮೂರನೇ ಮಹಡಿ
2 ಏಪ್ರಿಲ್ 2017

ಹೆಸ್ಟರ್,

ನಮೂನೆಗೆ ಸಹಿ ಹಾಕಿ ಇದರೊಳಗೆ ಇಟ್ಟಿದ್ದೇನೆ. ವಿಲ್ಫ್‌ಗಾಗಿ ಹಾಕಿದ್ದು. ಅವನು ಯಾರನ್ನೂ ತಡೆಯಲಿಲ್ಲ. ಹಸುಗಳು ಜನರನ್ನು ನೋಡಿ ಕಲಿತರೆ ಒಳ್ಳೆಯದು ಎನ್ನುತ್ತಿದ್ದ. ಏನು ಕಲಿಯಬೇಕು ಎಂದು ಎಂದೂ ಹೇಳಲಿಲ್ಲ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. 1811 ಇದೆ, 1953 ಇದೆ. 2014 ಎಲ್ಲೂ ಇಲ್ಲ. ಅಕ್ಟೋಬರ್ ಹದಿನಾರು, ಗುರುವಾರ, ಊರ ಹಾಲ್. ನಿನ್ನ ನೆನಪು ಅಷ್ಟು ದೂರದ್ದಾದರೆ ಇಷ್ಟು ಹತ್ತಿರದ್ದೇಕೆ ಕಾಣಲಿಲ್ಲವೋ.

ನಾನೇ ಬರೆಯುತ್ತೇನೆ. ವಿಲ್ಫ್ ಹೋಗಿ ಆರು ತಿಂಗಳಾಗಿತ್ತು. ಹಾಲ್ ತುಂಬ ಜನ ಇದ್ದರು. ನೀನು ಎದ್ದು ನಿಂತು, ನನ್ನ ಕಡೆ ಕೈ ತೋರಿಸಿ, “ಇವ್ರು ಹೊಲ ಮಾರ್ಲಿಲ್ಲ, ಈ ಊರಿನ ಕಾಲನ್ನೇ ಮಾರ್ಕೊಂಡ್ರು” ಎಂದೆ. ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ನಾನು ಕೋಟು ತೆಗೆದುಕೊಂಡು ಹೊರಗೆ ಬಂದೆ. ಚಹಾದ ಪಾತ್ರೆ ತೊಳೆಯುವ ಸರದಿ ಅಂದು ನನ್ನದಿತ್ತು.

ಇಲ್ಲಿ ನಡೆಯಲು ಸಮುದ್ರದ ಪಕ್ಕ ಸಿಮೆಂಟಿನ ದಾರಿ ಇದೆ. ನೇರ, ಚಪ್ಪಟೆ. ಮಂಡಿಗೆ ಒಳ್ಳೆಯದು ಎಂದರು ಡಾಕ್ಟರು. ಎಲ್ಲಿಯೂ ತಿರುವಿಲ್ಲವಾದ್ದರಿಂದ ಹೊರಟದ್ದೂ ಬಂದದ್ದೂ ಒಂದೇ ಅನ್ನಿಸುತ್ತದೆ.

ಮಂಡಿ ಹಾಗೇ ಇದೆ.

ಮಾರ್ಜರಿ ಟಕ್


ಚರ್ಚ್ ಕಾಟೇಜ್, ಎಲ್ಮ್‌ಸ್ಟೋ
17 ಏಪ್ರಿಲ್ 2017, ಈಸ್ಟರ್ ಸೋಮವಾರ

ಪ್ರಿಯ ಮಾರ್ಜರಿ,

ಹೇಳಿಕೆಗೆ ಕೃತಜ್ಞತೆಗಳು. ಅದು ಅರವತ್ತೆರಡನೆಯದು. ಅರವತ್ತೊಂದು ಮಂದಿ ನಡೆದವರ ಸಾಕ್ಷಿ, ನಿನ್ನದೊಂದೇ ನೆಲದ ಒಡೆಯರ ಸಾಕ್ಷಿ. ಉಳಿದವನ್ನೆಲ್ಲ ಒಟ್ಟಿಗೆ ತಕ್ಕಡಿಗೆ ಹಾಕಿದರೂ ನಿನ್ನದೇ ತೂಗುತ್ತದೆ.

ಆ ಗುರುವಾರ ನಾನು ಹೇಳಿದ್ದು ತತ್ವದ ಮಾತು. ವ್ಯಕ್ತಿಗೆ ಹೇಳಿದ್ದಲ್ಲ. ನೆಲ ಕೈ ಬದಲಾಗುವಾಗ ದಾರಿಯ ವಿಷಯ ಕಾಗದದಲ್ಲಿ ಬರೆಸಬೇಕಿತ್ತು ಎಂಬುದು ನನ್ನ ವಾದವಾಗಿತ್ತು. ಅದು ಸರಿಯೇ ಇತ್ತು ಎಂದು ಈಗ ಬೀಗ ಹೇಳುತ್ತಿದೆ. ಧ್ವನಿ ಸ್ವಲ್ಪ ಏರಿರಬಹುದು.

ಇವತ್ತು ಈಸ್ಟರ್ ನಡಿಗೆ. ಪ್ರತಿವರ್ಷ ಹಳ್ಳದ ದಾರಿಯಲ್ಲಿ ಆಗುತ್ತಿದ್ದದ್ದು ಇವತ್ತು ರಸ್ತೆಯ ಮೇಲೆ ಆಯಿತು. ಮೂವತ್ತು ಮಂದಿ, ಹನ್ನೊಂದು ಮಕ್ಕಳು, ನಾಲ್ಕು ನಾಯಿ. ಊರ ಸಭೆಯ ಅಧ್ಯಕ್ಷ ಡೆಸ್ಮಂಡ್ ಪ್ರಾಥರೊ ಮುಂದೆ ಕೆಂಪು ಕರವಸ್ತ್ರ ಹಿಡಿದು ನಡೆದ, ಹಿಂದೆ ನಾನು. ಹಾಲಿನ ಲಾರಿ ಬಂದಾಗ ಎಲ್ಲರೂ ಬೇಲಿಗೆ ಬೆನ್ನು ಒತ್ತಿ ನಿಂತೆವು. ಬ್ರಯೊನಿಯ ಗಾಡಿಯ ಒಂದು ಚಕ್ರ ಚರಂಡಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಅವಳಿಗಳಲ್ಲಿ ದೊಡ್ಡದು, “ನೀರಿನ ದಾರಿಗೆ ಹೋಗಣ, ಈ ದಾರಿ ಬೈತದೆ” ಎಂದಿತು. ಲಾರಿಯ ಸದ್ದನ್ನು ಬೈಗುಳ ಎಂದುಕೊಂಡಿದೆ ಪಾಪ.

ಡೆಸ್ಮಂಡ್ ಅದನ್ನು ಕೇಳಿ, “ಹೆಸ್ಟರ್, ಈ ಕೂಸನ್ನ ಕಚೇರಿಗೆ ಸಾಕ್ಷಿ ಹೇಳೋಕೆ ಕರ್ಕೊಂಡ್ ಹೋಗು, ಕೆಲ್ಸ ಮುಗೀತು” ಎಂದ.

“ಅದಕ್ಕೆ ಇಪ್ಪತ್ತು ವರ್ಷ ಆಗಿಲ್ವಲ್ಲಪ್ಪ” ಎಂದೆ.

“ನಿಂಗೆ ಆಗಿದೆಯಲ್ಲ. ನಾಲ್ಕ್ ಸಲ ಆಗಿದೆ. ಸಾಕು ಬಿಡು.”

ಗೇಟಿನಾಚೆ ಪ್ಲಮ್ ಹೂ ಮುಗಿಯುತ್ತಿದೆ. ಸರಪಳಿಯ ಸಂದಿನಿಂದ ಕಾಣುವಷ್ಟು ನೋಡಿದೆ.

ನಿನ್ನ,
ಹೆಸ್ಟರ್


ಚರ್ಚ್ ಕಾಟೇಜ್, ಎಲ್ಮ್‌ಸ್ಟೋ
15 ಜೂನ್ 2017

ಪ್ರಿಯ ಮಾರ್ಜರಿ,

ನೀನು ಉತ್ತರ ಬರೆಯಲಿಲ್ಲ. ‘ಧ್ವನಿ ಸ್ವಲ್ಪ ಏರಿರಬಹುದು’ ಎಂಬ ಆ ಸಾಲಿಗೆ ಉತ್ತರ ಬರದಿದ್ದುದೇ ಸರಿ ಎಂದು ಈಗ ಅನ್ನಿಸುತ್ತಿದೆ. ಇವತ್ತು ಬೇರೆ ವಿಷಯ.

ಮಂಗಳವಾರ ಜಿಲ್ಲಾ ಕಚೇರಿಯಿಂದ ದಪ್ಪ ಲಕೋಟೆ ಬಂತು. ಹೇಲ್ ತಮ್ಮ ಆಕ್ಷೇಪಣೆಯ ಜೊತೆಗೆ ಸಲ್ಲಿಸಿದ ದಾಖಲೆಗಳ ನಕಲು. ಅಡುಗೆಮನೆಯ ಮೇಜಿನ ಮೇಲಿಟ್ಟು, ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ. ಎದುರಾಳಿಯ ಸುಳ್ಳುಗಳನ್ನು ಎಣಿಸಲು ನನಗೆ ಎಷ್ಟು ಉತ್ಸಾಹ ಎಂದು ನಿನಗೆ ಗೊತ್ತು.

ಒಳಗಿದ್ದದ್ದು ನನ್ನ ಕೈಬರಹ.

ಇಪ್ಪತ್ತೆಂಟು ಪತ್ರಗಳು. 1986ರಿಂದ 2013ರವರೆಗೆ, ಪ್ರತಿ ಏಪ್ರಿಲ್ ಕೊನೆಯ ವಾರ, ನಾನು ಕಲಿಸುತ್ತಿದ್ದ ಶಾಲೆಯ ಮೇ ತಿಂಗಳಿನ ನಡಿಗೆಗೆ ಮುಂಚೆ ವಿಲ್ಫ್‌ಗೆ ಬರೆದವು. ಕಿತ್ತಳೆಹಣ್ಣಿನ ಮಾರ್ಮಲೇಡ್ ಬಾಟಲಿಯ ಜೊತೆ ಕಳಿಸುತ್ತಿದ್ದೆ. ಮೊದಲನೆಯದರಲ್ಲಿ ಏನಿದೆ ನೋಡು:

‘ಮಾನ್ಯ ಶ್ರೀ ಟಕ್ ಅವರೆ, ತಮ್ಮ ಹೊಲದ ಮೂಲಕ ಹಳ್ಳದ ದಡದಲ್ಲಿ ನಡೆಯಲು ತಾವು ಈ ವರ್ಷ ದಯೆಯಿಂದ ಅನುಮತಿ ನೀಡುವಿರೆಂದು, ಎಲ್ಮ್‌ಸ್ಟೋ ಊರಿನವರೆಲ್ಲರ ಪರವಾಗಿ ಕೇಳಿಕೊಳ್ಳುತ್ತೇನೆ.’

ಊರಿನವರೆಲ್ಲರ ಪರವಾಗಿ! ಹಾಗೆ ಬರೆಯಲು ನನಗೆ ಹೇಳಿದವರು ಯಾರು? ಯಾರೂ ಇಲ್ಲ. ಶಾಲೆಯ ಇಪ್ಪತ್ತು ಮಕ್ಕಳ ಪರವಾಗಿ ಎಂದಿದ್ದರೆ ಸಾಕಿತ್ತು. ಆ ಸಾಲು ಕಿವಿ ತುಂಬುವಂತೆ ಕೇಳುತ್ತಿತ್ತು, ಅದಕ್ಕೆ ಬರೆದೆ. ಚೆನ್ನಾಗಿ ಕೇಳಿಸಿದ್ದರಿಂದ ಮುಂದಿನ ವರ್ಷವೂ ಬರೆದೆ. ಶಾಲೆಯ ಕೆಲಸ ಬಿಟ್ಟ ಮೇಲೂ ಮಹಿಳಾ ಕೂಟದ ಕಾರ್ಯದರ್ಶಿ ಎಂದು ಬರೆದೆ. ವಿನಯ ಎಂದುಕೊಂಡಿದ್ದೆ.

ಹೇಲ್‌ರ ವಕೀಲರು ಒಂದೇ ಪುಟ ಬರೆದಿದ್ದಾರೆ. ಅನುಮತಿ ಕೇಳಿ ನಡೆದ ದಾರಿ ಎಷ್ಟು ವರ್ಷ ನಡೆದರೂ ಹಕ್ಕಾಗುವುದಿಲ್ಲ. ಅನುಮತಿ ಕೇಳಿದವರು ಅರ್ಜಿದಾರರೇ, ಇಡೀ ಊರಿನ ಹೆಸರಿನಲ್ಲಿ. ಅದರ ಕೆಳಗೆ ನನ್ನ ಸಹಿ ಇಪ್ಪತ್ತೆಂಟು ಸಲ. ಗೇಟಿನ ಬಳಿ ಅವರಿಗೆ ನಾನು ಏನು ಹೇಳಿದೆ ಎಂಬುದನ್ನೂ ಬರೆದಿದ್ದಾರೆ, ಒಂದಕ್ಷರ ತಪ್ಪಿಲ್ಲದೆ.

ನಾನು ಇನ್ನೂ ಯಾರಿಗೂ ಹೇಳಿಲ್ಲ. ನಿನ್ನೆ ಅಂಗಡಿಯಲ್ಲಿ ಬ್ರಯೊನಿ ಸಿಕ್ಕಿ, “ಟೀಚರ್, ಏನಾದ್ರೂ ಸುದ್ದಿ ಬಂತಾ? ಆಗಸ್ಟ್ ಅಷ್ಟೊತ್ತಿಗೆ ಗೇಟ್ ತೆಗೀತಾರಾ?” ಎಂದಳು. “ಕಚೇರಿ ಕೆಲ್ಸ ನಿಧಾನಮ್ಮ” ಎಂದೆ. ಅವಳ ಮಕ್ಕಳು ನನ್ನನ್ನು ನೋಡಿ ಕೈ ಬೀಸಿದವು.

ನೂರು ವರ್ಷ ಯಾರ ಮಾತಿಗೂ ಕಾಯದೆ ನಡೆದ ದಾರಿಯನ್ನು, ಕೇಳಿ ಕೇಳಿ ನಾನೇ ಮುಚ್ಚಿದೆ. ಆ ಪತ್ರಗಳು ಹೇಲ್ ಕೈಗೆ ಹೇಗೆ ಹೋದವು? ನಿನಗೆ ಗೊತ್ತಿತ್ತೇ?

ಹೆಸ್ಟರ್


ಸಮುದ್ರದ ಬೀದಿ
2 ಜುಲೈ 2017

ಹೆಸ್ಟರ್,

ಗೊತ್ತಿತ್ತು.

ವಿಲ್ಫ್‌ನ ಬರೆಯುವ ಮೇಜು ನಿನಗೆ ನೆನಪಿರಬೇಕು, ಬಾಗಿಲ ಪಕ್ಕದ ಓಕ್ ಮೇಜು. ಅದು ಈ ಮೆಟ್ಟಿಲಲ್ಲಿ ಹತ್ತುವುದಿಲ್ಲ ಎಂದು ಅಲ್ಲಿಯೇ ಬಿಟ್ಟೆ. ಡ್ರಾಯರ್‌ಗಳನ್ನು ಖಾಲಿ ಮಾಡಿದೆ. ಮೂರನೆಯದರಲ್ಲಿ ಹುರಿ ಕಟ್ಟಿದ ನಿನ್ನ ಪತ್ರಗಳ ಕಟ್ಟು ಸಿಕ್ಕಿತು. ಒಲೆಗೆ ಹಾಕಬಹುದಿತ್ತು. ನಿನ್ನ ಬಾಗಿಲ ಅಂಚೆಸಂದಿಗೆ ಹಾಕಬಹುದಿತ್ತು, ನಾಲ್ಕು ನಿಮಿಷದ ದಾರಿ. ಅಂದು ಶುಕ್ರವಾರ, ಹಾಲ್‌ನಲ್ಲಿ ನೀನು ಆ ಮಾತು ಆಡಿದ ಮಾರನೆಯ ದಿನ. ಕಟ್ಟನ್ನು ಇದ್ದಲ್ಲಿಯೇ ಇಟ್ಟು ಡ್ರಾಯರ್ ಮುಚ್ಚಿದೆ. ಇಂಥದ್ದಾಗುತ್ತದೆ ಎಂದು ಗೊತ್ತಿರಲಿಲ್ಲ. ನಿನ್ನ ಕೈಬರಹವನ್ನು ಬೇರೆ ಊರಿಗೆ ಹೊತ್ತುಕೊಂಡು ಹೋಗಲು ಮನಸ್ಸಿರಲಿಲ್ಲ, ಅಷ್ಟೆ. ಅದನ್ನು ಅಷ್ಟೇ ಎಂದು ಕರೆಯಬಹುದಾದರೆ.

ಈಗ ನೀನು ಕೇಳದಿರುವುದನ್ನು ಹೇಳುತ್ತೇನೆ. ನೀನು ಅನುಮತಿ ಕೇಳಿದೆ, ಸರಿ. ಕೊಟ್ಟವರು ಯಾರು?

ಪ್ರತಿವರ್ಷ ಮಾರ್ಮಲೇಡ್ ಬಂದ ದಿನ ವಿಲ್ಫ್ ತಲೆ ಕೆರೆದುಕೊಂಡು ಕೂರುತ್ತಿದ್ದ. “ಈ ಮೇಷ್ಟ್ರಮ್ಮ ಮತ್ತೆ ಕೇಳವ್ಳಲ್ಲೇ! ನಂದಲ್ದೇ ಇರೋದನ್ನ ನಾ ಹೆಂಗ್ ಕೊಡ್ಲಿ?” ಎನ್ನುತ್ತಿದ್ದ. “ಹೋಗಿ ಹಂಗೇ ಹೇಳು” ಎಂದರೆ, “ನೀನ್ ಸುಮ್ನಿರು, ಅವ್ಳ ಮುಂದೆ ನಿಂತ್ರೆ ನಂಗೆ ಏಳರ ಮಗ್ಗಿ ಮರ್ತೋಗ್ತದೆ” ಎನ್ನುತ್ತಿದ್ದ. ಹೇಳಬೇಕಾದದ್ದನ್ನು ಮೊದಲು ಬರೆದುಕೊಳ್ಳುತ್ತಿದ್ದ. ಮನೆಯಲ್ಲಿ ಬಿಳಿ ಕಾಗದ ಎಂದು ಅವನು ಎಂದೂ ಕೊಂಡವನಲ್ಲ. ನಿನ್ನ ಪತ್ರದ ಹಿಂಬದಿಯಲ್ಲೇ ಬರೆಯುತ್ತಿದ್ದ, ಪೆನ್ಸಿಲ್‌ನಲ್ಲಿ. ಕರು ಹಾಕಿದ ತಾರೀಖು, ಪಶುವೈದ್ಯನ ಫೋನು, ಅದರ ನಡುವೆ ನಿನಗೆ ಹೇಳಬೇಕಾದದ್ದು. ಒಂದು ನನಗೆ ಬಾಯಿಪಾಠವಾಗಿದೆ, ಏಕೆಂದರೆ ನನ್ನನ್ನೇ ನಿಲ್ಲಿಸಿಕೊಂಡು ಅಭ್ಯಾಸ ಮಾಡಿದ್ದ: ‘ಟೀಚರಮ್ಮ, ದಾರಿ ನನ್ನದಲ್ಲ. ನಮ್ಮಪ್ಪ ತನ್ನದಲ್ಲ ಅಂದ. ಅವನಪ್ಪನೂ. ಕೇಳಬೇಡಿ. ಮಾರ್ಮಲೇಡ್ ಚೆನ್ನಾಗಿದೆ.’

ಅವನು ಗೇಟಿನ ಬಳಿ ನಿನಗೆ ಹೇಳಲಿಲ್ಲವೇ?

ವಕೀಲರು ಕಳಿಸಿದ ನಕಲು ಎರಡೂ ಮುಖದ್ದೋ, ಒಂದೇ ಮುಖದ್ದೋ, ನೋಡು.

ಮಾರ್ಜರಿ


ಚರ್ಚ್ ಕಾಟೇಜ್, ಎಲ್ಮ್‌ಸ್ಟೋ
12 ಆಗಸ್ಟ್ 2017

ಪ್ರಿಯ ಮಾರ್ಜರಿ,

ನಿನ್ನ ಪತ್ರಕ್ಕೆ ಉತ್ತರಿಸಲು ಆರು ವಾರ ತೆಗೆದುಕೊಂಡೆ. ಮೊದಲು ಮಾಡಬೇಕಾದ ಕೆಲಸಗಳಿದ್ದವು.

ಹೇಳಿದ್ದ. ವಿಲ್ಫ್ ಗೇಟಿನ ಮೇಲೆ ಮೊಣಕೈ ಊರಿ, ನನ್ನ ಮುಖ ನೋಡದೆ, ಹಳ್ಳದ ಕಡೆ ನೋಡುತ್ತ, ಪ್ರತಿವರ್ಷ ಹೇಳಿದ್ದ. “ಕೇಳ್ಬೇಡಿ ಟೀಚರಮ್ಮ, ಹಳ್ಳ ಹರಿಯೋಕೆ ನನ್ ಕೇಳ್ತದಾ?” ಎಂದಿದ್ದು ಒಂದು ಸಲ. ಇನ್ನೊಂದು ಸಲ, “ಸುಮ್ನೆ ಹೋಗ್ರೀ” ಎಂದ. ಎಂಥ ಒರಟ ಎಂದುಕೊಂಡೆ. ಒರಟರಿಗೆ ಮತ್ತಷ್ಟು ವಿನಯ ತೋರಿಸಬೇಕು ಎಂದು ನನ್ನ ತಾಯಿ ಕಲಿಸಿದ್ದಳು. ಅದಕ್ಕೇ ಮುಂದಿನ ವರ್ಷದ ಪತ್ರ ಇನ್ನೂ ಒಂದು ಸಾಲು ಉದ್ದವಾಗುತ್ತಿತ್ತು. ಅವನು ಊರಿನ ಹಕ್ಕನ್ನು ಕಾಯುತ್ತ ನಿಂತಿದ್ದ, ನಾನು ಅವನ ನಡವಳಿಕೆಗೆ ಅಂಕ ಹಾಕುತ್ತಿದ್ದೆ.

ನಕಲು ಒಂದೇ ಮುಖದ್ದು. 1994ರ ಪತ್ರದ ನಕಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಪೆನ್ಸಿಲಿನ ನೆರಳು ತಿರುಗುಮುರುಗಾಗಿ ಮೂಡಿದೆ, ಓದಲಾಗುವುದಿಲ್ಲ. ಮೂಲವನ್ನು ತೋರಿಸಿ ಎಂದು ಹೇಲ್‌ಗೆ ಬರೆದೆ. ವಕೀಲರಿಂದ ಉತ್ತರ ಬಂತು: ‘ಪ್ರಕರಣಕ್ಕೆ ಸಂಬಂಧಪಟ್ಟದ್ದನ್ನು ಸಲ್ಲಿಸಲಾಗಿದೆ.’ ಜಿಲ್ಲಾ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ ಒಳ್ಳೆಯವಳು. “ಅವ್ರು ಕೊಟ್ಟಿದ್ದನ್ನ ನೋಡ್ತೀವಿ ಮೇಡಂ, ಕೊಡ್ದೇ ಇರೋದನ್ನ ಹೆಂಗ್ ನೋಡೋದು?” ಎಂದಳು. ವಿಚಾರಣೆ ಸೆಪ್ಟೆಂಬರ್ ಹತ್ತೊಂಬತ್ತು, ಮಂಗಳವಾರ, ಹನ್ನೊಂದು ಗಂಟೆಗೆ, ನಮ್ಮ ಊರ ಹಾಲ್‌ನಲ್ಲಿಯೇ.

ಎರಡನೆಯ ಕೆಲಸ ಮೊನ್ನೆ ಗುರುವಾರ ಆಯಿತು. ಊರ ಸಭೆಯಲ್ಲಿ ಎದ್ದು ನಿಂತು ಪತ್ರಗಳ ವಿಷಯ ಹೇಳಿದೆ. ಒಂದನ್ನು ಓದಿದೆ. ‘ಊರಿನವರೆಲ್ಲರ ಪರವಾಗಿ’ ಎಂಬುದನ್ನೂ ಬಿಡದೆ ಓದಿದೆ.

ಡೆಸ್ಮಂಡ್ ಮೊದಲು ಬಾಯಿ ಬಿಟ್ಟ. “ಅಲ್ಲ ಹೆಸ್ಟರ್, ನನ್ ಪರವಾಗಿ ಕೇಳು ಅಂತ ನಾ ಯಾವಾಗ್ ಹೇಳಿದ್ದೆ?”

“ಹೇಳಿರ್ಲಿಲ್ಲ.”

“ಇಪ್ಪತ್ತೆಂಟ್ ವರ್ಷ ನಾ ನಿನ್ ಪರ್ಮಿಷನ್ನಲ್ಲಿ ನಡೀತಿದ್ನಾ ಹಂಗಾದ್ರೆ?” ಯಾರೋ ನಕ್ಕರು. ಅವನು ನಗಲಿಲ್ಲ.

ಬ್ರಯೊನಿ ಮಕ್ಕಳ ಟೋಪಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಮೇಲೆ, “ಹಂಗಾದ್ರೆ ನಮ್ಗೆ ರಸ್ತೆನೇನಾ?” ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮೂರನೆಯದನ್ನೂ ಅದೇ ಸಭೆಯಲ್ಲಿ, ಕೂರುವ ಮುಂಚೆ ಮಾಡಿದೆ. ನಿನಗೂ ಇಲ್ಲಿ ಬರೆಯುತ್ತೇನೆ. 2014ರ ಅಕ್ಟೋಬರ್ ಹದಿನಾರರಂದು ಇದೇ ಹಾಲ್‌ನಲ್ಲಿ, ಗಂಡನನ್ನು ಕಳೆದುಕೊಂಡು ಆರು ತಿಂಗಳಾಗಿದ್ದ ಮಾರ್ಜರಿ ಟಕ್‌ಳನ್ನು ನಾನು ಅವಮಾನಿಸಿದೆ. ಅದು ತತ್ವದ ಮಾತಾಗಿರಲಿಲ್ಲ. ನೀನು ಊರು ಬಿಟ್ಟು ಹೋಗುತ್ತಿದ್ದೀ ಎಂಬ ಸಿಟ್ಟು. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ, ಅದಕ್ಕೆ ಅದು ಬಂತು. ನನ್ನನ್ನು ಕ್ಷಮಿಸು ಎಂದು ಎಲ್ಲರ ಮುಂದೆ ಹೇಳಿದೆ. ಅಂದು ಚಪ್ಪಾಳೆ ತಟ್ಟಿದವನು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದ.

ಇನ್ನೊಂದು ಮಾತು, ಕೇಳಲು ನನಗೆ ಹಕ್ಕಿಲ್ಲದ್ದು. ಹಿಂಬದಿಯ ಬರಹವನ್ನು ಕಣ್ಣಾರೆ ಕಂಡವಳು ನೀನೊಬ್ಬಳೇ. ನಿನ್ನ ಹೇಳಿಕೆ ಕಾಗದದ ಮೇಲಿದೆ, ವಕೀಲರು ಕಾಗದವನ್ನು ಏನು ಬೇಕಾದರೂ ಮಾಡುತ್ತಾರೆ. ಅದೇ ಹಾಲ್‌ಗೆ ಬಂದು ನಿಂತು ಹೇಳುತ್ತೀಯಾ ಎಂದು ಕೇಳುವುದಿಲ್ಲ. ಕೇಳಿ ಕೆಡಿಸಿದ್ದು ಸಾಕು. ತಾರೀಖು ಮಾತ್ರ ತಿಳಿಸಿದ್ದೇನೆ.

ನಿನ್ನ,
ಹೆಸ್ಟರ್


ಸಮುದ್ರದ ಬೀದಿ
27 ಆಗಸ್ಟ್ 2017

ಹೆಸ್ಟರ್,

ಡೆಸ್ಮಂಡ್ ಫೋನ್ ಮಾಡಿದ್ದ. “ಮಾರ್ಜರಿ, ಆ ಯಮ್ಮ ಕ್ಷಮೆ ಕೇಳಿದ್ಳು ಕಣಮ್ಮ, ನಾ ಕಣ್ಣಾರೆ ನೋಡ್ದೆ. ಬರ್ದಿಟ್ಕೋ, ಇನ್ನೊಂದ್ಸಲ ಆಗಲ್ಲ” ಎಂದ. ಬರೆದಿಟ್ಟುಕೊಂಡಿಲ್ಲ. ನಿನ್ನ ಪತ್ರ ಇದೆಯಲ್ಲ.

ನೀನು ಹೋಗಬೇಡ ಎಂದಿದ್ದರೂ ನಾನು ಹೋಗುತ್ತಿದ್ದೆ. ಆ ಮನೆಯ ಬೆಳಗುಗಳು ಒಬ್ಬಳಿಗೆ ದೊಡ್ಡವಾಗಿದ್ದವು. ಆದರೂ ಅಂದಿದ್ದರೆ ಚೆನ್ನಾಗಿತ್ತು.

ಪೆನ್ಸಿಲ್ ಅಳಿಸಿಹೋಗುವ ವಸ್ತು. ಹೇಲ್ ಆ ಕೆಲಸ ಮಾಡುವ ಮನುಷ್ಯ ಎಂದು ನನಗೆ ಅನ್ನಿಸುವುದಿಲ್ಲ. ಮೇಜು ನೋಡಲು ಬಂದಾಗ ಅದರ ಕಾಲು ಅಲುಗುತ್ತದೆ ಎಂದು ನಾನು ಹೇಳುವ ಮುಂಚೆ ಅವರೇ ಹೇಳಿ, ಆದರೂ ಬೇಕು ಎಂದಿದ್ದರು. ನಾಚಿಕೆ ಇರುವ ಮನುಷ್ಯ. ವಕೀಲರ ಮೂಲಕ ಕೇಳಿದರೆ ವಕೀಲರೇ ಉತ್ತರ ಕೊಡುತ್ತಾರೆ. ಅವರನ್ನೇ ಕೇಳು. ಎಲ್ಲರೂ ಓದುವ ಕಡೆ ಕೇಳು. ದಯವಿಟ್ಟು ಎಂದು ಬರೆಯಬೇಡ.

ನಾನು ಬರುತ್ತೇನೆ ಎಂದು ಹೇಳುತ್ತಿಲ್ಲ. ಮಂಗಳವಾರ ಬೆಳಿಗ್ಗೆ ಏಳೂ ಹತ್ತಕ್ಕೆ ಇಲ್ಲಿಂದ ಒಂದು ಬಸ್ಸಿದೆ ಎಂದು ವಿಚಾರಿಸಿ ಇಟ್ಟುಕೊಂಡಿದ್ದೇನೆ.

ಮಾರ್ಜರಿ


ಎಲ್ಮ್‌ಸ್ಟೋ ಅಂಗಡಿಯ ಹೊರಗಿನ ಪ್ರಕಟಣೆಯ ಹಲಗೆ
4 ಸೆಪ್ಟೆಂಬರ್ 2017

ಶ್ರೀ ಕ್ರಿಸ್ಪಿನ್ ಹೇಲ್ ಅವರಿಗೆ, ಬ್ರೂಕ್ ಎಂಡ್

ಇದನ್ನು ನಿಮ್ಮ ವಕೀಲರಿಗೆ ಬರೆಯುತ್ತಿಲ್ಲ. ನಿಮಗೆ, ಊರಿನವರ ಕಣ್ಣೆದುರು ಬರೆಯುತ್ತಿದ್ದೇನೆ. ಯಾರ ಪರವಾಗಿಯೂ ಅಲ್ಲ, ನನ್ನ ಹೆಸರಿನಲ್ಲಿ.

ಇಪ್ಪತ್ತೆಂಟು ವರ್ಷ ಹಳ್ಳದ ದಾರಿಗೆ ಅನುಮತಿ ಕೇಳಿ ಪತ್ರ ಬರೆದವಳು ನಾನೇ. ಒಂದನ್ನೂ ಅಲ್ಲಗಳೆಯುವುದಿಲ್ಲ. ಈ ಊರಿನ ಹೆಸರನ್ನು ಊರನ್ನು ಕೇಳದೆ ಬಳಸಿದೆ. ಅದು ನಾನು ಮಾಡಿದ ಅನ್ಯಾಯ, ಅದರ ಹೊಣೆ ನನ್ನದು.

ಈ ಮಾರ್ಚ್ ನಾಲ್ಕರಂದು ನೀವು ಬೀಗ ಹಾಕಿದಿರಿ. ಜೂನ್‌ನಲ್ಲಿ ಆ ಪತ್ರಗಳನ್ನು ಸಾಕ್ಷಿಯಾಗಿ ಕೊಟ್ಟಿರಿ, ಕೇಳಿದವಳ ಮಾತನ್ನು ಮಾತ್ರ. ಕೇಳಿಸಿಕೊಂಡವನ ಉತ್ತರ ಅದೇ ಹಾಳೆಗಳ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿದೆ ಎಂದು ಅವನ ಹೆಂಡತಿ ಹೇಳುತ್ತಾರೆ. ಅವನು ವಿಲ್ಫ್ ಟಕ್. ಆ ಹೊಲವನ್ನು ಐವತ್ತು ವರ್ಷ ಉತ್ತವನು. ಅದನ್ನು ನೀವು ಓದಿದ್ದೀರಿ ಎಂದು ನಾನು ನಂಬುತ್ತೇನೆ. ಕಾಗದ ಕೈಗೆ ಬಂದರೆ ಹಿಂದೆ ಮುಂದೆ ತಿರುಗಿಸಿ ನೋಡದ ಮನುಷ್ಯರಿಲ್ಲ.

ಅಲ್ಲಿ ಕರು ಹಾಕಿದ ತಾರೀಖುಗಳು ಮಾತ್ರ ಇದ್ದರೆ ನಾನು ಸೋತೆ. ಹಾಲ್‌ನಲ್ಲಿ ಎದ್ದು ನಿಂತು ಹಾಗೆಂದು ಹೇಳಿ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಬ್ರಯೊನಿಯ ಮಕ್ಕಳಿಗೂ ನಾನೇ ಹೋಗಿ ಹೇಳುತ್ತೇನೆ. ಬೇರೇನಾದರೂ ಇದ್ದರೆ, ಅದನ್ನು ಮುಚ್ಚಿಡುವ ಹಕ್ಕನ್ನು ನೀವು ಹೊಲದ ಜೊತೆ ಕೊಂಡಿಲ್ಲ.

ಹದಿನೈದು ದಿನ ಇದೆ. ಸೆಪ್ಟೆಂಬರ್ ಹತ್ತೊಂಬತ್ತರ ಮಂಗಳವಾರ, ಹನ್ನೊಂದು ಗಂಟೆಗೆ, ವಿಚಾರಣಾಧಿಕಾರಿಯ ಮುಂದೆ, ನಮ್ಮೆಲ್ಲರ ಮುಂದೆ, ಆ ಇಪ್ಪತ್ತೆಂಟು ಹಾಳೆಗಳನ್ನು ಮೇಜಿನ ಮೇಲಿಟ್ಟು ಒಂದೊಂದಾಗಿ ಮಗುಚುತ್ತೀರೋ, ಇಲ್ಲವೋ? ಮಗುಚುವುದಾದರೆ ಹೌದು ಎಂದು, ಇಲ್ಲವಾದರೆ ಏಕಿಲ್ಲ ಎಂದು, ಇದೇ ಹಲಗೆಯ ಮೇಲೆ, ಈ ಕಾಗದದ ಪಕ್ಕದಲ್ಲಿ, ನಿಮ್ಮ ಕೈಬರಹದಲ್ಲಿ, ನಿಮ್ಮ ಸಹಿಯ ಸಮೇತ ಉತ್ತರ ಹಾಕಿ.

ಹೆಸ್ಟರ್ ಪ್ಯಾಲಂಟ್